ಚಿಗರಿ ಮತ್ತು ಎರೆಭೂತ: ಕಿತ್ತೂರು ನಾಡಿನ ಎರಡು ಜೀವಿಗಳ ವರ್ಗೀಕರಣ ಹಾಗೂ ರಕ್ಷಣೆಯ ಇತಿಹಾಸ

೧

ಸಹ್ಯಾದ್ರಿಯ ಸೆರಗಿನಲ್ಲಿರುವ ಕಿತ್ತೂರಿನಿಂದ ಪೂರ್ವಾಭಿಮುಖವಾಗಿ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳತ್ತ ಸಾಗಿದಂತೆ ಮಳೆಯು ಕಡಿಮೆಯಾಗುತ್ತದೆ; ಮರಗಳು ವಿರಳವಾಗುತ್ತವೆ; ಎರೆಮಣ್ಣಿನ ಬಯಲು ವಿಶಾಲವಾಗುತ್ತದೆ. ಮಲಪ್ರಭೆಯು ಈ ನಾಡಿನ ನಡುವೆ ಹರಿದು, ನವಿಲುತೀರ್ಥದ ಬಳಿ ಗುಡ್ಡಸಾಲನ್ನು ಸೀಳಿಕೊಂಡು ಮುಂದೆ ಸಾಗುತ್ತದೆ. ಈ ಪ್ರದೇಶದ ರಾಜಕೀಯ ಇತಿಹಾಸವು, ಅದರಲ್ಲಿಯೂ ೧೮೨೪ರ ಕಿತ್ತೂರು ಸಂಗ್ರಾಮವು, ವಿದ್ವಾಂಸರ ಗಮನವನ್ನು ಸಾಕಷ್ಟು ಸೆಳೆದಿದೆ. ಆದರೆ ಇದೇ ನೆಲದ ಮೇಲೆ ಮನುಷ್ಯನೊಡನೆ ಬಾಳಿದ ಮೃಗಪಕ್ಷಿಗಳಿಗೂ ಒಂದು ಇತಿಹಾಸವುಂಟು. ಕಾಗದಪತ್ರಗಳಲ್ಲಿ ಅವುಗಳನ್ನು ಯಾವ ಹೆಸರಿನಿಂದ, ಯಾವ ತರಗತಿಯಲ್ಲಿ ಬರೆದಿಡಲಾಯಿತು ಎಂಬುದು ಆ ಇತಿಹಾಸದ ಒಂದು ಮುಖ್ಯ ಭಾಗವಾಗಿದೆ.

ಪ್ರಸ್ತುತ ಲೇಖನದಲ್ಲಿ ಇಂತಹ ಎರಡು ಜೀವಿಗಳನ್ನು ಪರಿಶೀಲನೆಗೆ ಎತ್ತಿಕೊಂಡಿದೆ. ಒಂದು, ಚಿಗರಿ ಅಥವಾ ಕೃಷ್ಣಮೃಗ. ಇನ್ನೊಂದು, ಎರೆಭೂತ ಎಂಬ ದೊಡ್ಡ ಪಕ್ಷಿ. ಒಂದು ಸಸ್ತನಿ, ಮತ್ತೊಂದು ಪಕ್ಷಿ. ಇವೆರಡಕ್ಕೂ ವಂಶದಿಂದ ಯಾವ ಹತ್ತಿರದ ಸಂಬಂಧವೂ ಇಲ್ಲ. ಆದರೂ ಎರಡರ ಮನೆಯೂ ಒಂದೇ: ದಖ್ಖನ್ನಿನ ತೆರೆದ ಹುಲ್ಲುಬಯಲು. ಎರಡನ್ನೂ ಬೇಟೆಗಾರರು ಬಯಸಿದರು; ಎರಡನ್ನೂ ಕಾಯಿದೆಯು ಒಂದೇ ಅನುಸೂಚಿಯಲ್ಲಿ ಇರಿಸಿತು. ಹೀಗಿದ್ದೂ ಇಂದು ಒಂದು ಜೀವಿಯು ಚೇತರಿಸಿಕೊಂಡಿದೆ, ಇನ್ನೊಂದು ಅಳಿವಿನ ಅಂಚಿಗೆ ಬಂದಿದೆ. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದೇ ಇಲ್ಲಿಯ ಪ್ರಶ್ನೆ. ಇದನ್ನು ಉತ್ತರಿಸಲು ಪ್ರಾಣಿಶಾಸ್ತ್ರದ ವರ್ಗೀಕರಣ, ಕಾಯಿದೆಯ ವರ್ಗೀಕರಣ, ಜಮೀನಿನ ವರ್ಗೀಕರಣ ಎಂಬ ಮೂರನ್ನೂ ಜೊತೆಯಲ್ಲಿಟ್ಟು ನೋಡಬೇಕಾಗುತ್ತದೆ.

೨

ಮೊದಲು ದೇಶೀಯ ಹೆಸರುಗಳನ್ನು ಗಮನಿಸಬಹುದು. ಹಳೆಯ ಕನ್ನಡದ ಎರಳೆ, ಪುಲ್ಲೆ ಎಂಬ ಶಬ್ದಗಳೂ ಉತ್ತರ ಕರ್ನಾಟಕದ ಆಡುಮಾತಿನ ಚಿಗರಿ ಎಂಬ ಶಬ್ದವೂ ಈ ಜಾತಿಯ ಮೃಗಗಳನ್ನು ಸೂಚಿಸುತ್ತವೆ. ಜಿಂಕೆಯೆಂಬ ಮಾತು ಇವುಗಳಿಗಿಂತ ಸಡಿಲವಾದುದು. ಕವಲುಗೊಂಬಿನ ಚುಕ್ಕೆಯ ಜಿಂಕೆಗೂ ತಿರುಚುಗೊಂಬಿನ ಕೃಷ್ಣಮೃಗಕ್ಕೂ ಅದನ್ನು ಸಮಾನವಾಗಿ ಬಳಸುವುದುಂಟು. ಸಂಸ್ಕೃತದಲ್ಲಿ ಕೃಷ್ಣಸಾರವೆಂದು ಕರೆಸಿಕೊಂಡ ಈ ಮೃಗಕ್ಕೆ ಧಾರ್ಮಿಕ ಮಾನ್ಯತೆಯೂ ದೊರೆತಿದೆ. ಅದರ ಚರ್ಮವಾದ ಕೃಷ್ಣಾಜಿನವು ಯಜ್ಞದಲ್ಲಿಯೂ ಉಪನಯನದಲ್ಲಿಯೂ ಬಳಕೆಗೊಂಡಿತು. ಕೃಷ್ಣಸಾರವು ಸ್ವಾಭಾವಿಕವಾಗಿ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವಾದ ದೇಶವೆಂಬ ಅಭಿಪ್ರಾಯವು ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಬಂದಿದೆ. ಅಂದರೆ ಅಲ್ಲಿ ಮೃಗದ ಇರವಿನಿಂದ ನೆಲದ ತರಗತಿಯನ್ನು ನಿರ್ಣಯಿಸಲಾಗಿದೆ. ಮುಂದೆ ಬ್ರಿಟಿಷರ ಕಾಲದಲ್ಲಿ ಈ ಸಂಬಂಧವು ಹೇಗೆ ತಿರುಗಿತೆಂಬುದನ್ನು ನೋಡುವಾಗ ಈ ವಿಷಯವನ್ನು ನೆನೆಯಬೇಕಾಗುವುದು.

ಎರೆಭೂತಕ್ಕೆ ಇಂತಹ ಶಾಸ್ತ್ರದ ಮನ್ನಣೆ ದೊರೆಯಲಿಲ್ಲ. ಎರೆಭೂತ, ಎರೆಲಡ್ಡು ಎಂಬ ಅದರ ಕನ್ನಡದ ಹೆಸರುಗಳು ಒಕ್ಕಲಿಗರ ಮತ್ತು ಕುರಿಗಾರರ ಬಾಯಿಯಿಂದ ಬಂದವು. ಎರಡರಲ್ಲಿಯೂ 'ಎರೆ' ಎಂಬ ಮಣ್ಣಿನ ಹೆಸರು ಸೇರಿಕೊಂಡಿರುವುದು ಗಮನಾರ್ಹ. ಗಂಡು ಪಕ್ಷಿಯು ಬೆದೆಯ ಕಾಲದಲ್ಲಿ ಕೊರಳಿನ ಚೀಲವನ್ನು ಗಾಳಿಯಿಂದ ಉಬ್ಬಿಸಿ ಇಳಿಬಿಟ್ಟು, ಬಹುದೂರ ಕೇಳಿಬರುವ ಗಂಭೀರವಾದ ಧ್ವನಿಯನ್ನು ಹೊರಡಿಸುತ್ತದೆ. ನಿರ್ಜನವಾದ ಬಯಲಿನಲ್ಲಿ ಕೇಳಿಬರುವ ಈ ದನಿಯಿಂದಲೇ ಭೂತವೆಂಬ ಹೆಸರು ಬಂದಿರಬಹುದೆಂದು ಊಹಿಸಬಹುದು. ಚಿಗರಿಯ ಕಣ್ಣು ಚೆಲುವಿಗೆ ಉಪಮಾನವಾಗಿ ಜನರ ಮಾತಿನಲ್ಲಿ ನೆಲೆಗೊಂಡಿತು; ಎರೆಭೂತಕ್ಕೆ ಆ ಭಾಗ್ಯವೂ ಬರಲಿಲ್ಲ.

ಬೇಟೆಯ ವಿಷಯದಲ್ಲಿ ಕರ್ನಾಟಕದ್ದೇ ಆದ ಪ್ರಾಚೀನ ಆಧಾರವೆಂದರೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'. ಹನ್ನೆರಡನೆಯ ಶತಮಾನದ ಈ ಗ್ರಂಥದ ಮೃಗಯಾವಿನೋದದ ಭಾಗದಲ್ಲಿ ಮೃಗಗಳನ್ನು ಹಿಡಿಯುವ ಅನೇಕ ಕ್ರಮಗಳು ವರ್ಣಿತವಾಗಿವೆ. ಪಳಗಿಸಿದ ಶಿವಂಗಿಯನ್ನು ಮೃಗಗಳ ಮೇಲೆ ಬಿಡುವ ಪದ್ಧತಿಯೂ ಅವುಗಳಲ್ಲೊಂದು. ಸವದತ್ತಿಯು ಆ ಕಾಲದಲ್ಲಿ ಸುಗಂಧವರ್ತಿಯೆಂಬ ಹೆಸರಿನಿಂದ ಚಾಲುಕ್ಯರ ಸಾಮಂತರಾದ ರಟ್ಟರ ಕೈಯಲ್ಲಿತ್ತು. ಶಿವಂಗಿಯಿಂದ ಚಿಗರಿಯನ್ನು ಬೇಟೆಯಾಡಿಸುವ ಈ ವಿನೋದವು ಇಪ್ಪತ್ತನೆಯ ಶತಮಾನದವರೆಗೂ ಕೊಲ್ಹಾಪುರದ ದರ್ಬಾರಿನಲ್ಲಿ ಉಳಿದುಬಂದಿತು. ಇದರಿಂದ ತೆರೆದ ಬಯಲೂ ಅದರಲ್ಲಿಯ ಹಿಂಡುಗಳೂ ಶತಮಾನಗಳ ಕಾಲ ಸಮೃದ್ಧವಾಗಿದ್ದುವೆಂದು ತಿಳಿಯಬಹುದು.

೩

ಈ ನಾಡಿನ ಪ್ರಾಣಿಗಳನ್ನು ಆಧುನಿಕ ಶಾಸ್ತ್ರದ ಕ್ರಮದಲ್ಲಿ ಮೊದಲು ಪಟ್ಟಿಮಾಡಿದವನು ಕಿತ್ತೂರಿನ ಇತಿಹಾಸಕ್ಕೆ ಹೊಸಬನಲ್ಲ. ೧೮೨೪ರ ಅಕ್ಟೋಬರ್ ೨೩ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಹತನಾದನು. ಅವನ ಇಬ್ಬರು ಸಹಾಯಕರು ಸೆರೆಸಿಕ್ಕರು. ಅವರಲ್ಲೊಬ್ಬನು ವಾಲ್ಟರ್ ಎಲಿಯಟ್, ಇನ್ನೊಬ್ಬನು ಸ್ಟೀವನ್‌ಸನ್. ಆಗ ಎಲಿಯಟನಿಗೆ ಇಪ್ಪತ್ತೊಂದರ ಪ್ರಾಯ. ರಾಣಿ ಚೆನ್ನಮ್ಮನ ಆಶ್ರಯದಲ್ಲಿ ಕೆಲವು ವಾರ ಸೆರೆಯಾಳಾಗಿದ್ದು, ಡಿಸೆಂಬರಿನ ಮುತ್ತಿಗೆಗೆ ಮುನ್ನ ಅವನು ಬಿಡುಗಡೆ ಹೊಂದಿದನು. ಕೋಟೆಯು ಪತನವಾಯಿತು, ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ತೀರಿಕೊಂಡಳು. ಎಲಿಯಟನು ಇದೇ ಸೀಮೆಯಲ್ಲಿ ಅಧಿಕಾರಿಯಾಗಿ ಮುಂದುವರಿದು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದನೆಂಬುದು ಕರ್ನಾಟಕದ ಇತಿಹಾಸಕಾರರಿಗೆ ಸುಪರಿಚಿತ. ಅವನು ಪ್ರಾಣಿಗಳನ್ನೂ ಅಷ್ಟೇ ಶ್ರದ್ಧೆಯಿಂದ ಅಭ್ಯಸಿಸಿದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

೧೮೩೯ರಲ್ಲಿ ಮದರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ಎಲಿಯಟನು ದಕ್ಷಿಣ ಮರಾಠಾ ಪ್ರದೇಶದ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದನು. ಧಾರವಾಡ, ಬೆಳಗಾವಿ ಸೀಮೆಗಳಿಗೆ ಆಗ ಸಲ್ಲುತ್ತಿದ್ದ ಹೆಸರೇ ದಕ್ಷಿಣ ಮರಾಠಾ ಪ್ರದೇಶ. ಅಲ್ಲಿಯ ದೇಶಭಾಷೆಗಳಲ್ಲಿ ಪ್ರಾಣಿಗಳಿಗಿರುವ ಹೆಸರುಗಳನ್ನೂ ಕೊಟ್ಟಿರುವುದಾಗಿ ಪಟ್ಟಿಯ ಶಿರೋನಾಮೆಯಲ್ಲಿಯೇ ಹೇಳಿದೆ. ಅದೇ ಪತ್ರಿಕೆಯಲ್ಲಿ, ಅದೇ ಕಾಲಕ್ಕೆ, ಜೆರ್ಡನ್ ಎಂಬ ವೈದ್ಯನು ದಕ್ಷಿಣ ಭಾರತದ ಪಕ್ಷಿಗಳ ಪಟ್ಟಿಯನ್ನು ಹೊರತಂದನು. ಎಲಿಯಟನ ಟಿಪ್ಪಣಿಗಳು ಅವನಿಗೂ ನೆರವಾದುವು. ಹೀಗೆ ಚಿಗರಿಯೂ ಎರೆಭೂತವೂ ಒಂದೇ ಸ್ನೇಹವಲಯದ ವಿದ್ವಾಂಸರ ಕೈಯಿಂದ, ಕನ್ನಡದ ಹೆಸರುಗಳ ಸಹಿತ, ಶಾಸ್ತ್ರದ ಪುಟಗಳನ್ನು ಸೇರಿದುವು.

ಆದರೆ ಶಾಸ್ತ್ರದಲ್ಲಿಯ ಹೆಸರುಗಳು ಸುಲಭವಾಗಿ ಸ್ಥಿರಗೊಳ್ಳಲಿಲ್ಲ. ೧೭೫೮ರಲ್ಲಿ ಲಿನೇಯಸನು ಕೃಷ್ಣಮೃಗವನ್ನು ಮೇಕೆಯ ಜಾತಿಯಲ್ಲಿ ಸೇರಿಸಿ 'ಕಾಪ್ರ ಸರ್ವಿಕಾಪ್ರ' ಎಂದು ಕರೆದನು. ಸರ್ವಿಕಾಪ್ರ ಎಂದರೆ ಜಿಂಕೆ-ಮೇಕೆ. ಎರಡು ಪ್ರಾಣಿಗಳ ಹೆಸರನ್ನು ಜೋಡಿಸಿ ಮೂರನೆಯದನ್ನು ಸೂಚಿಸುವ ಪ್ರಯತ್ನವದು. ೧೭೬೬ರಲ್ಲಿ ಪಲ್ಲಾಸನು 'ಆಂಟಿಲೋಪೆ' ಎಂಬ ಪ್ರತ್ಯೇಕ ಜಾತಿಯನ್ನು ಸ್ಥಾಪಿಸಿದನು. ಜೆರ್ಡನನು ತನ್ನ ೧೮೬೭ರ ಸಸ್ತನಿಗ್ರಂಥದಲ್ಲಿ ಅದನ್ನು 'ಆಂಟಿಲೋಪೆ ಬೆಜೋವಾರ್ಟಿಕ' ಎಂದು ಬರೆದನು. ಈಗ 'ಆಂಟಿಲೋಪೆ ಸರ್ವಿಕಾಪ್ರ' ಎಂಬುದು ಸರ್ವಮಾನ್ಯವಾಗಿದೆ. ಸಮಸಂಖ್ಯೆಯ ಗೊರಸುಗಳುಳ್ಳ ಪ್ರಾಣಿಗಳ ಗಣದಲ್ಲಿ, ಹಸು, ಕುರಿ, ಮೇಕೆಗಳಿರುವ ಬೋವಿಡೇ ಕುಟುಂಬಕ್ಕೆ ಇದು ಸೇರುತ್ತದೆ. ನಿಜವಾದ ಜಿಂಕೆಯು ತನ್ನ ಕವಲುಗೊಂಬನ್ನು ಕಾಲಕಾಲಕ್ಕೆ ಉದುರಿಸಿ ಮತ್ತೆ ಬೆಳೆಸುತ್ತದೆ. ಚಿಗರಿಯ ಕೊಂಬಾದರೋ ಹಸುವಿನ ಕೊಂಬಿನಂತೆ ಜೀವಮಾನವಿಡೀ ಉಳಿಯುವಂತಹದು. ಆದುದರಿಂದ ಮೇಕೆಯ ಸಮೀಪಕ್ಕೆ ಅದನ್ನು ತಂದಿರಿಸಿದ ಲಿನೇಯಸನು ಸತ್ಯದಿಂದ ಬಹುದೂರ ಹೋಗಿರಲಿಲ್ಲ.

ಎರೆಭೂತದ ನಾಮಕರಣವು ಇದಕ್ಕಿಂತ ವಿಚಿತ್ರವಾದುದು. ೧೮೩೧ರಲ್ಲಿ ವಿಗರ್ಸನು ಇದಕ್ಕೆ 'ಓಟಿಸ್ ನೈಗ್ರಿಸೆಪ್ಸ್', ಅಂದರೆ ಕರಿದಲೆಯ ಓಟಿಸ್, ಎಂಬ ಹೆಸರಿಟ್ಟನು. ಇದರ ಚಿತ್ರವು ಗೋಲ್ಡನ ಹಿಮಾಲಯದ ಪಕ್ಷಿಗಳ ಗ್ರಂಥದಲ್ಲಿ ಪ್ರಕಟವಾಯಿತು. ಹೀಗೆ ಬಯಲುಸೀಮೆಯ ಪಕ್ಷಿಯೊಂದು ಯುರೋಪಿನ ವಿದ್ವಾಂಸರಿಗೆ ಹಿಮಾಲಯದ ಪಕ್ಷಿಯಾಗಿ ಪರಿಚಯವಾಯಿತು. ಜೆರ್ಡನನು ೧೮೬೪ರಲ್ಲಿ ಇದನ್ನು 'ಯೂಪೊಡೋಟಿಸ್ ಎಡ್ವರ್ಡ್ಸಿಯೈ' ಎಂದನು. ಮುಂದಿನವರು 'ಕೊರಿಯೋಟಿಸ್' ಎಂದರು. ಈಗ 'ಆರ್ಡಿಯೋಟಿಸ್ ನೈಗ್ರಿಸೆಪ್ಸ್' ಎಂಬ ಹೆಸರು ನೆಲೆಗೊಂಡಿದೆ. ಬಹುಕಾಲ ಇದರ ಕುಟುಂಬವನ್ನು ಕ್ರೌಂಚಗಳ ಗಣದಲ್ಲಿ ಇರಿಸಲಾಗಿತ್ತು. ಇಪ್ಪತ್ತೊಂದನೆಯ ಶತಮಾನದ ಅನುವಂಶೀಯ ಸಂಶೋಧನೆಗಳ ತರುವಾಯ ಈ ಕುಟುಂಬವನ್ನು ಬೇರ್ಪಡಿಸಿ, ಓಟಿಡಿಫಾರ್ಮಿಸ್ ಎಂಬ ಸ್ವತಂತ್ರ ಗಣವೆಂದು ಪರಿಗಣಿಸಲಾಗಿದೆ.

೪

ಶಾಸ್ತ್ರವು ದೂರದೂರ ಇರಿಸಿದ ಈ ಎರಡು ಜೀವಿಗಳನ್ನು ಕಾಯಿದೆಯು ಸಮೀಪಕ್ಕೆ ತಂದಿತು. ಆದರೆ ಅದಕ್ಕೆ ಮೊದಲು ಬೇಟೆಗಾರನ ವರ್ಗೀಕರಣವಿತ್ತು. ಅವನ ದೃಷ್ಟಿಯಲ್ಲಿ ಎರಡೂ ಶಿಕಾರಿಯ ಪ್ರಾಣಿಗಳು. ಅಹಮದನಗರ ಜಿಲ್ಲೆಯಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬ ಬೇಟೆಗಾರನೊಬ್ಬನೇ ೧೮೦೯ರಿಂದ ೧೮೨೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ೯೬೧ ಎರೆಭೂತಗಳನ್ನು ಕೊಂದನೆಂದು ದಾಖಲೆಯಿದೆ. ದಖ್ಖನ್ನಿನ ಬಯಲುಗಳಲ್ಲಿ ಮಳೆಗಾಲದಲ್ಲಿ ಈ ಪಕ್ಷಿಗಳು ಗುಂಪುಗುಂಪಾಗಿ ಕಾಣಿಸುತ್ತಿದ್ದುವೆಂದು ಜೆರ್ಡನನು ತಿಳಿಸಿರುವುದನ್ನು ಇದರೊಡನೆ ಓದಬೇಕು.

೧೮೮೭ರ ಕಾಡುಹಕ್ಕಿಗಳ ರಕ್ಷಣಾ ಕಾಯಿದೆಯು ಪುರಸಭೆ ಮತ್ತು ದಂಡುಪ್ರದೇಶಗಳ ಎಲ್ಲೆಯೊಳಗೆ, ಮರಿಮಾಡುವ ಕಾಲದಲ್ಲಿ ಕೊಂದ ಹಕ್ಕಿಗಳ ಮಾರಾಟವನ್ನು ನಿರ್ಬಂಧಿಸುವಷ್ಟಕ್ಕೆ ಸೀಮಿತವಾಗಿತ್ತು. ೧೯೧೨ರ ಕಾಡುಹಕ್ಕಿ ಮತ್ತು ಪ್ರಾಣಿಗಳ ರಕ್ಷಣಾ ಕಾಯಿದೆಯ ಅನುಸೂಚಿಯಲ್ಲಿ ಎರೆಭೂತದ ಕುಟುಂಬದ ಪಕ್ಷಿಗಳೂ ಚಿಗರಿಯ ಜಾತಿಯ ಮೃಗಗಳೂ ಒಟ್ಟಿಗೆ ಸೇರಿದುವು. ಸರಕಾರವು ಗೊತ್ತುಪಡಿಸಿದ ನಿಷಿದ್ಧ ಕಾಲದಲ್ಲಿ ಮಾತ್ರ ಅವುಗಳನ್ನು ಕೊಲ್ಲಬಾರದು. ಉಳಿದ ಕಾಲದಲ್ಲಿ ಬೇಟೆಗೆ ಅಡ್ಡಿಯಿಲ್ಲ. ಆಸ್ತಿಯ ರಕ್ಷಣೆಗಾಗಿ ಕೊಲ್ಲುವುದಕ್ಕೂ ವಿನಾಯಿತಿಯಿತ್ತು. ಹೊಲಕ್ಕೆ ಬೀಳುವ ಚಿಗರಿಯ ಪಾಲಿಗೆ ಈ ವಿನಾಯಿತಿಯು ಸಣ್ಣದಲ್ಲ. ಇದಲ್ಲದೆ ಬ್ರಿಟಿಷ್ ಇಂಡಿಯಾದ ಕಾಯಿದೆಯು ಸಂಸ್ಥಾನಗಳ ನೆಲಕ್ಕೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ರಾಮದುರ್ಗವು ೧೯೪೮ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಸವದತ್ತಿಯ ಭಾಗವು ಪರಸಗಡ ತಾಲೂಕೆಂಬ ಹೆಸರಿನಿಂದ ಮುಂಬಯಿ ಇಲಾಖೆಗೆ ಸೇರಿತ್ತು. ಒಂದೇ ಬಯಲಿನಲ್ಲಿ ಮೇಯುತ್ತ ಎಲ್ಲೆಯನ್ನು ದಾಟಿದ ಚಿಗರಿಯು ತನಗರಿವಿಲ್ಲದೆಯೇ ಒಂದು ಕಾನೂನಿನಿಂದ ಇನ್ನೊಂದು ಆಳಿಕೆಗೆ ಹೋಗುತ್ತಿತ್ತು.

ಸ್ವಾತಂತ್ರ್ಯಾನಂತರ ೧೯೫೧ರ ಮುಂಬಯಿ ಕಾಯಿದೆಯೂ, ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ೧೯೬೩ರ ಮೈಸೂರು ಕಾಯಿದೆಯೂ ಬಂದುವು. ೧೯೭೨ರ ವನ್ಯಜೀವಿ ರಕ್ಷಣಾ ಕಾಯಿದೆಯಲ್ಲಿ ಎರಡು ಜೀವಿಗಳಿಗೂ ಮೊದಲನೆಯ ಅನುಸೂಚಿಯ ಸ್ಥಾನ, ಅಂದರೆ ಅತ್ಯುಚ್ಚ ರಕ್ಷಣೆ, ದೊರೆಯಿತು. ಮೊದಲನೆಯ ಅನುಸೂಚಿಯ ಪ್ರಾಣಿಯು ಮನುಷ್ಯನ ಜೀವಕ್ಕೆ ಅಪಾಯಕಾರಿಯಾದರೆ, ಇಲ್ಲವೆ ವಾಸಿಯಾಗದಂತೆ ರೋಗಪೀಡಿತವೋ ಅಂಗಹೀನವೋ ಆದರೆ ಮಾತ್ರ ಅದನ್ನು ಕೊಲ್ಲಲು ಅನುಮತಿಯುಂಟು. ಬೆಳೆಯ ಹಾನಿಯು ಸಾಕಾಗುವ ಕಾರಣವಲ್ಲ. ೧೯೧೨ರ ವಿನಾಯಿತಿಯು ಹೀಗೆ ಕೊನೆಗೊಂಡಿತು. ೨೦೨೨ರ ತಿದ್ದುಪಡಿಯಿಂದ ಅನುಸೂಚಿಗಳ ಸಂಖ್ಯೆಯು ಆರರಿಂದ ನಾಲ್ಕಕ್ಕೆ ಇಳಿದರೂ ಈ ಎರಡೂ ಮೊದಲನೆಯದರಲ್ಲಿಯೇ ಉಳಿದಿವೆ.

ಕಾಯಿದೆಯ ದೃಷ್ಟಿಯಲ್ಲಿ ಸಮಾನವಾದ ಇವು ವಸ್ತುಸ್ಥಿತಿಯಲ್ಲಿ ಸಮಾನವಾಗಿಲ್ಲ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಕೃಷ್ಣಮೃಗವು ೨೦೦೩ರಲ್ಲಿ 'ಅಪಾಯಕ್ಕೆ ಸಮೀಪ'ವೆಂಬ ತರಗತಿಯಲ್ಲಿದ್ದುದು ೨೦೧೭ರಲ್ಲಿ 'ಕನಿಷ್ಠ ಕಳವಳ'ದ ತರಗತಿಗೆ ಬಂದಿತು. ಎರೆಭೂತವಾದರೋ 'ಅಳಿವಿನಂಚಿನ' ತರಗತಿಯಿಂದ ೨೦೧೧ರಲ್ಲಿ 'ತೀವ್ರ ಅಳಿವಿನಂಚಿನ' ತರಗತಿಗೆ ಇಳಿಯಿತು. ಕೃಷ್ಣಮೃಗಗಳ ಸಂಖ್ಯೆಯು ಐವತ್ತು ಸಾವಿರದಷ್ಟೆಂದು ಈ ಶತಮಾನದ ಆರಂಭದಲ್ಲಿ ಅಂದಾಜು ಮಾಡಲಾಗಿದೆ. ೧೯೬೯ರಲ್ಲಿ ಧರ್ಮಕುಮಾರಸಿಂಹಜಿಯವರು ಎರೆಭೂತಗಳು ೧,೨೬೦ ಇರಬಹುದೆಂದು ಲೆಕ್ಕಹಾಕಿದ್ದರು. ಈಗ ಉಳಿದಿರುವುವು ಸುಮಾರು ನೂರೈವತ್ತು. ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಂಡುಬಂದಿವೆ.

೫

ಒಂದೇ ಅನುಸೂಚಿಯ ಎರಡು ಜೀವಿಗಳ ಗತಿಯು ಹೀಗೆ ಭಿನ್ನವಾದುದನ್ನು ಅರಿಯಲು ಮೂರನೆಯ ವರ್ಗೀಕರಣದ ಕಡೆಗೆ ತಿರುಗಬೇಕು. ಮುಂಬಯಿ ಇಲಾಖೆಯ ಕಂದಾಯ ಮೋಜಣಿಯು ೧೮೩೫ರ ಸುಮಾರಿಗೆ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರಿಂದ ಆರಂಭವಾಗಿ, ಮುಂದಿನ ದಶಕದಲ್ಲಿ ವಿಂಗೇಟನ ಮೇಲ್ವಿಚಾರಣೆಯಲ್ಲಿ ದಕ್ಷಿಣ ಮರಾಠಾ ಪ್ರದೇಶಕ್ಕೂ ವ್ಯಾಪಿಸಿತು. ೧೮೪೭ರ ಸಂಯುಕ್ತ ವರದಿಯಲ್ಲಿ ಇದರ ನಿಯಮಗಳು ಕ್ರೋಡೀಕೃತವಾದುವು. ಮಣ್ಣಿನ ಬಣ್ಣ ಮತ್ತು ಆಳಗಳನ್ನು ನೋಡಿ, ಹದಿನಾರಾಣೆಯಿಂದ ಕೆಳಗಿಳಿಯುವ ಒಂಬತ್ತು ತರಗತಿಗಳಲ್ಲಿ ಜಮೀನನ್ನು ವಿಂಗಡಿಸಲಾಯಿತು; ಒಂದೂಮುಕ್ಕಾಲು ಮೊಳ ಆಳದ ಎರೆಗೆ ಮೊದಲ ಸ್ಥಾನ. ಸಾಗುವಳಿಗೆ ಬಾರದ ನೆಲವು 'ಖರಾಬು' ಎನಿಸಿತು. ಸಾಗುವಳಿಯಾಗದೆ ಉಳಿದುದು 'ಬೀಳು' ಅಥವಾ 'ಪಡ'. ಊರ ದನಗಳಿಗೆ ಬಿಟ್ಟುದು 'ಗಾಯರಾಣ'. ಹುಲ್ಲುಬಯಲೆಂಬುದಕ್ಕೆ ಅದರದೇ ಆದ ಬೆಲೆಯನ್ನು ಕಟ್ಟುವ ತರಗತಿಯೊಂದು ಈ ಪದ್ಧತಿಯಲ್ಲಿರಲಿಲ್ಲ. ಮಿತವಾದ ದರವನ್ನು ಮೂವತ್ತು ವರ್ಷಗಳವರೆಗೆ ಸ್ಥಿರಪಡಿಸಿ ಬೀಳುಭೂಮಿಯನ್ನು ಸಾಗುವಳಿಗೆ ತರುವುದೇ ಇದರ ಉದ್ದೇಶವಾಗಿತ್ತು. ಆ ಉದ್ದೇಶವು ಸಫಲವೂ ಆಯಿತು.

ಇದೇ ಕಾಲಕ್ಕೆ ಧಾರವಾಡ ಸೀಮೆಯಲ್ಲಿ ಅಮೇರಿಕೆಯ ಹತ್ತಿಯ ಬೇಸಾಯವು ನೆಲೆಗೊಂಡಿತು. ೧೮೬೧ರಿಂದ ೧೮೬೫ರವರೆಗಿನ ಅಮೇರಿಕೆಯ ಅಂತರ್ಯುದ್ಧವು ಹತ್ತಿಯ ಬೆಲೆಯನ್ನು ಏರಿಸಿತು. ಹತ್ತಿಗೆ ಒಪ್ಪುವ ಎರೆಯೂ ಎರೆಭೂತದ ಹೆಸರಿನಲ್ಲಿರುವ ಎರೆಯೂ ಒಂದೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬಡ ರೈತನಿಗೆ ಈ ಸಾಗುವಳಿಯಿಂದ ಅನ್ನ ದೊರೆಯಿತು. ಅದನ್ನು ದೋಷವೆಂದು ಎಣಿಸುವುದು ನ್ಯಾಯವಲ್ಲ. ಆದರೆ ಮನುಸ್ಮೃತಿಯ ಕಾಲದಲ್ಲಿ ಮೃಗವು ನೆಲಕ್ಕೆ ಯೋಗ್ಯತೆಯನ್ನು ತಂದುಕೊಟ್ಟಿದ್ದರೆ, ಮೋಜಣಿಯ ಕಾಲದಲ್ಲಿ ನೆಲದ ತರಗತಿಯೇ ಮೃಗಪಕ್ಷಿಗಳ ಗತಿಯನ್ನು ನಿರ್ಣಯಿಸತೊಡಗಿತೆಂಬ ಮಾತು ಮಾತ್ರ ನಿಜ. ೧೯೭೦ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆಯ ನೀರು ಬಯಲಿಗೆ ಇಳಿದ ಮೇಲೆ ಬೀಳುಭೂಮಿಯು ಇನ್ನಷ್ಟು ಕಿರಿದಾಯಿತು. ಈಚೆಗೆ ಸವದತ್ತಿಯ ಸುತ್ತಿನ ಎತ್ತರದ ನೆಲದಲ್ಲಿ ಗಾಳಿಯಂತ್ರಗಳು ನಿಂತಿವೆ. ಅವುಗಳ ಹಿಂದೆಯೇ ವಿದ್ಯುತ್ತಿನ ತಂತಿಗಳೂ ಬಂದಿವೆ.

ಈ ಬದಲಾವಣೆಗೆ ಎರಡು ಜೀವಿಗಳೂ ಒಂದೇ ರೀತಿಯಾಗಿ ಹೊಂದಿಕೊಳ್ಳಲಾರವು. ಚಿಗರಿಯು ಹೊಲದ ಪೈರನ್ನೂ ಮೇಯಬಲ್ಲದು. ಅದರ ಗರ್ಭಾವಧಿ ಸುಮಾರು ಆರು ತಿಂಗಳು. ಎರಡು ವರ್ಷ ತುಂಬುವ ಮೊದಲೇ ಹೆಣ್ಣು ಪ್ರಾಯಕ್ಕೆ ಬರುತ್ತದೆ. ಬಂದೂಕು ನಿಂತರೆ ಸಾಕು, ಹಿಂಡು ಬೆಳೆಯುತ್ತದೆ. ಎರೆಭೂತವು ಬರಿಯ ನೆಲದ ಮೇಲೆ, ಗೂಡು ಕಟ್ಟದೆ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯನ್ನಿಡುತ್ತದೆ. ಕಾವಿನ ಅವಧಿ ಸುಮಾರು ನಾಲ್ಕು ವಾರ. ಆ ಅವಧಿಯಲ್ಲಿ ನೇಗಿಲು, ನಾಯಿ, ಕುರಿಹಿಂಡು ಯಾವುದು ಹಾಯ್ದರೂ ಆ ವರ್ಷದ ಸಂತಾನವು ನಷ್ಟವಾಗುತ್ತದೆ. ಭಾರವಾದ ಈ ಪಕ್ಷಿಯ ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ಹಾರುವಾಗ ಎದುರಿಗಿರುವ ತಂತಿಯು ಅದಕ್ಕೆ ಬೇಗ ಕಾಣುವುದಿಲ್ಲ. ಕಂಡಾಗ ತಿರುಗಲು ಸಮಯವಿರುವುದಿಲ್ಲ.

೬

ಈ ಮಾತಿಗೆ ನೆರೆಯ ಸೀಮೆಯಲ್ಲಿಯೇ ಒಂದು ಸ್ಪಷ್ಟವಾದ ನಿದರ್ಶನವುಂಟು. ಆಗ ಧಾರವಾಡ ಜಿಲ್ಲೆಗೆ ಸೇರಿದ್ದು ಈಗ ಹಾವೇರಿ ಜಿಲ್ಲೆಯಲ್ಲಿರುವ ರಾಣೆಬೆನ್ನೂರಿನಲ್ಲಿ ೧೯೭೪ರಲ್ಲಿ ೧೧೯ ಚದರ ಕಿಲೋಮೀಟರುಗಳ ಕೃಷ್ಣಮೃಗ ಅಭಯಾರಣ್ಯವು ಘೋಷಿತವಾಯಿತು. ಅಲ್ಲಿ ಎರೆಭೂತಗಳೂ ಇದ್ದುವು. ಆದರೆ ಆ ಕುರುಚಲು ಬಯಲಿನ ಬಹುಭಾಗದಲ್ಲಿ ನೀಲಗಿರಿಯ ನೆಡುತೋಪುಗಳು ಎದ್ದಿದ್ದುವು. ಮರವಿಲ್ಲದ ನೆಲವು ಹಾಳುನೆಲ, ಅಲ್ಲಿ ಮರ ಬೆಳೆಸುವುದೇ ಉದ್ಧಾರ ಎಂಬ ಭಾವನೆಯು ಅರಣ್ಯದ ಆಡಳಿತದಲ್ಲಿಯೂ ಬೇರೂರಿತ್ತು. ಖರಾಬು ಎಂಬ ಕಂದಾಯದ ತರಗತಿಯ ಇನ್ನೊಂದು ರೂಪವೇ 'ಅವನತ ಅರಣ್ಯ'ವೆಂಬ ಅರಣ್ಯ ಇಲಾಖೆಯ ತರಗತಿ. ಚಿಗರಿಗಳು ತೋಪಿನ ನೆರಳನ್ನೂ ಸುತ್ತಲಿನ ಹೊಲಗಳನ್ನೂ ಬಳಸಿಕೊಂಡು ಸಾವಿರಾರು ಸಂಖ್ಯೆಯಲ್ಲಿ ಬೆಳೆದುವು. ದೂರದವರೆಗೆ ದೃಷ್ಟಿ ಹರಿಯುವ ಬಯಲನ್ನೇ ಬೇಡುವ ಎರೆಭೂತವು ಅಲ್ಲಿಂದ ಮರೆಯಾಯಿತು. ಕಾಯಿದೆಯೂ ಒಂದೇ, ಬೇಲಿಯೂ ಒಂದೇ, ಕಾವಲುಗಾರನೂ ಒಬ್ಬನೇ; ಫಲವು ಮಾತ್ರ ಎರಡು ಬಗೆಯಾಯಿತು.

ಚಿಗರಿಯ ಚೇತರಿಕೆಯೂ ನಿಷ್ಕಂಟಕವಾದುದಲ್ಲ. ಹಾವೇರಿ, ಗದಗ, ಕೊಪ್ಪಳ ಜಿಲ್ಲೆಗಳ ಎರೆಹೊಲಗಳಲ್ಲಿ ಹಿಂಡುಗಳು ಪೈರನ್ನು ಮೇಯುತ್ತವೆಂಬ ದೂರು ರೈತರಿಂದ ಮತ್ತೆ ಮತ್ತೆ ಬಂದಿದೆ. ಬೀಳುಭೂಮಿಯು ಉಳಿದಿದ್ದರೆ ಹಿಂಡು ಹೊಲಕ್ಕೆ ಇಷ್ಟರ ಮಟ್ಟಿಗೆ ಬೀಳುತ್ತಿರಲಿಲ್ಲವೆಂಬುದನ್ನು ಪರಿಗಣಿಸಿದರೆ, ರೈತನ ನಷ್ಟಕ್ಕೂ ಎರೆಭೂತದ ಕಣ್ಮರೆಗೂ ಮೂಲವು ಒಂದೇ ಎಂದು ಕಾಣುತ್ತದೆ. ಹುಲ್ಲುಬಯಲಿನ ಹ್ರಾಸವು ಒಂದು ಜೀವಿಯನ್ನು ಅಳಿಸಿತು, ಇನ್ನೊಂದನ್ನು ರೈತನ ವೈರಿಯನ್ನಾಗಿ ಮಾಡಿತು.

ಎರೆಭೂತವನ್ನು ಉಳಿಸುವ ಪ್ರಯತ್ನಗಳು ಈಗ ಪಶ್ಚಿಮ ಭಾರತದಲ್ಲಿ ಕೇಂದ್ರೀಕೃತವಾಗಿವೆ. ಜೈಸಲ್ಮೇರ್ ಜಿಲ್ಲೆಯಲ್ಲಿ ೨೦೧೯ರಿಂದ ಮೊಟ್ಟೆಗಳನ್ನು ಸಂಗ್ರಹಿಸಿ ಮರಿಗಳನ್ನು ಬೆಳೆಸಲಾಗುತ್ತಿದೆ. ೨೦೨೪ರಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿಯು ಹೊರಬಂದಿತು. ವಿದ್ಯುತ್ ತಂತಿಗಳನ್ನು ನೆಲದೊಳಗೆ ಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೧ರ ಏಪ್ರಿಲಿನಲ್ಲಿ ಆಜ್ಞಾಪಿಸಿ, ೨೦೨೪ರ ಮಾರ್ಚಿನಲ್ಲಿ ಆ ಆಜ್ಞೆಯನ್ನು ಮಾರ್ಪಡಿಸಿ ತಜ್ಞರ ಸಮಿತಿಯೊಂದಕ್ಕೆ ವಿಷಯವನ್ನು ಒಪ್ಪಿಸಿತು. ಈ ಆಜ್ಞೆಗಳು ರಾಜಸ್ಥಾನ ಮತ್ತು ಗುಜರಾತಿನ ನೆಲೆಗಳನ್ನು ಕುರಿತವು. ಕರ್ನಾಟಕದ ಎರೆಬಯಲು ಅವುಗಳ ಎಲ್ಲೆಯ ಹೊರಗುಳಿದಿದೆ.

೭

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಪ್ರಾಣಿಶಾಸ್ತ್ರದ ವರ್ಗೀಕರಣವು ಜೀವಿಯ ವಂಶವನ್ನು ತಿಳಿಸಿತು. ಆದರೆ ಹೆಸರು ಬದಲಾದುದರಿಂದ ಜೀವಿಯ ಗತಿಯು ಬದಲಾಗಲಿಲ್ಲ. ಕಾಯಿದೆಯ ವರ್ಗೀಕರಣವು ಬೇಟೆಯನ್ನು ತಡೆಯಿತು. ಬೇಟೆಯೇ ಮುಖ್ಯ ಶತ್ರುವಾಗಿದ್ದ ಚಿಗರಿಯು ಅದರಿಂದ ಬದುಕಿಕೊಂಡಿತು. ನೆಲವನ್ನೇ ಕಳೆದುಕೊಂಡ ಎರೆಭೂತಕ್ಕೆ ಆ ರಕ್ಷಣೆಯು ಸಾಲದಾಯಿತು. ಆದುದರಿಂದ ಸಂರಕ್ಷಣೆಯ ಇತಿಹಾಸವನ್ನು ಬರೆಯುವವರು ಅನುಸೂಚಿಗಳನ್ನು ಓದುವುದರೊಡನೆ ಮೋಜಣಿಯ ದಫ್ತರಗಳನ್ನೂ ಓದಬೇಕಾಗುತ್ತದೆ.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಹಳ್ಳಿಗಳಲ್ಲಿ ಗಾಯರಾಣದ ಹೆಸರಿನಲ್ಲಿ ಉಳಿದಿರುವ ನೆಲವು ಇಂದಿಗೂ ಹಲವು ಬೇಡಿಕೆಗಳಿಗೆ ಗುರಿಯಾಗಿದೆ. ಅದು ಯಾವ ತರಗತಿಯದೆಂದು ಬರೆಯುವ ಲೇಖನಿಯೇ ಅಲ್ಲಿ ಇನ್ನೂ ಬಾಳುತ್ತಿರುವ ಜೀವಿಗಳ ಗತಿಯನ್ನೂ ಬರೆಯುತ್ತದೆ. ಗ್ರಾಮವಾರು ಖರಾಬು ಮತ್ತು ಗಾಯರಾಣಗಳ ಹಳೆಯ ವಿಸ್ತೀರ್ಣವನ್ನು ಇಂದಿನದರೊಡನೆ ಹೋಲಿಸಿ ನೋಡುವ ಕೆಲಸವನ್ನು ಈ ವಿಭಾಗದ ಸಂಶೋಧಕರು ಕೈಗೆತ್ತಿಕೊಂಡಲ್ಲಿ, ಹುಲ್ಲುಬಯಲಿಗೆ ಅದರದೇ ಆದ ಒಂದು ತರಗತಿಯನ್ನು ಕಲ್ಪಿಸಲು ಬೇಕಾದ ಆಧಾರವು ದೊರೆಯುವುದು.